ಬಸಮ್ಮ ಕೈ ಎತ್ತಿದರೆ ಮಾತ್ರ ಈಡು

ಬೆಳಗಿನ ಆರು ಗಂಟೆ. ದಬ್ಬೆಗದ್ದೆಯ ಕೆರೆಯಲ್ಲಿ ನೀರು ನಡುಮಧ್ಯಕ್ಕೆ ಸರಿದಿದೆ, ಸುತ್ತಲಿನ ಕೆಸರು ಒಣಗಿ ಬಿರುಕು ಬಿಟ್ಟಿದೆ. ಆ ಒಣ ಅಂಗಳವನ್ನು ಬಸಮ್ಮ ಕಡ್ಡಿಪೊರಕೆ ಹಿಡಿದು ಗುಡಿಸುತ್ತಿದ್ದಾರೆ. ಮನೆಯಂಗಳ ಗುಡಿಸುವವರನ್ನು ಎಲ್ಲರೂ ಕಂಡಿದ್ದಾರೆ. ಕೆರೆಯಂಗಳ ಗುಡಿಸುವವರನ್ನು ಕಾಣಬೇಕೆಂದರೆ ಕೊಟ್ಟಿಗೆಹಾರದಿಂದ ಒಂಬತ್ತು ಕಿಲೋಮೀಟರ್ ಜೀಪಿನಲ್ಲಿ ಕುಲುಕಿಸಿಕೊಂಡು ಇಲ್ಲಿಗೇ ಬರಬೇಕು, ಅದೂ ಫೆಬ್ರವರಿಯ ಕೊನೆಯ ಭಾನುವಾರವೇ ಬರಬೇಕು.

ಒಂದು ತರಗೆಲೆ, ಒಂದು ಹುಲ್ಲುಕಡ್ಡಿಯನ್ನೂ ಅವರು ಬಿಡುವುದಿಲ್ಲ. ಮೂವತ್ತು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ ಗುಡಿಸಿ ಮುಗಿಸಿದ ಮೇಲೆ ನೀರಿನಂಚಿಗೆ ಹೋಗಿ ನಾಲ್ಕು ಗೋಣಿಚೀಲಗಳನ್ನು ಅದ್ದಿ ತಂದು ಸಾಲಾಗಿ ಹಾಸುತ್ತಾರೆ. ಹತ್ತು ಗಂಟೆಗೆ ಇಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರುವಾಗುತ್ತದೆ. ಸುತ್ತಲ ಹತ್ತಾರು ಊರುಗಳ ಬೆಳೆಗಾರರು ಕಾಫಿ ಕೊಯ್ಲು ಮುಗಿದ ಖುಷಿಯಲ್ಲಿ ಕೋವಿ ಹೆಗಲಿಗೇರಿಸಿ ಬರುತ್ತಾರೆ. ಅಷ್ಟು ಕೋವಿಗಳ ನಡುವೆ ಗೋಣಿಚೀಲ ಹಿಡಿದು ನಿಲ್ಲುವವರು ಬಸಮ್ಮ ಒಬ್ಬರೇ.

ಐವತ್ತಾರು ವರ್ಷದ ಬಸಮ್ಮ ಅರಣ್ಯ ಇಲಾಖೆಯ ಹಂಗಾಮಿ ಬೆಂಕಿ ಕಾವಲುಗಾರ್ತಿ. ಊರವರ ಬಾಯಲ್ಲಿ ‘ಫೈರ್ ವಾಚರ್ ಬಸಮ್ಮ’. ಜನವರಿಯಿಂದ ಮಳೆ ಹಿಡಿಯುವವರೆಗೆ ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ಗುಡ್ಡ ಹತ್ತಿ ಇಳಿಯುವುದು, ಬೆಂಕಿ ದಾಟದಂತೆ ಹುಲ್ಲು ಸವರಿದ ದಾರಿಗಳನ್ನು ಬೋಳಾಗಿ ಇಟ್ಟುಕೊಳ್ಳುವುದು, ಹೊಗೆ ಕಂಡಲ್ಲಿ ಹಸಿಸೊಪ್ಪು ಮುರಿದುಕೊಂಡು ಓಡುವುದು ಅವರ ಕೆಲಸ. ಉಳಿದ ತಿಂಗಳು ಎಸ್ಟೇಟ್ ಕೂಲಿ. ಹನ್ನೊಂದು ವರ್ಷದಲ್ಲಿ ಎಷ್ಟು ಬೆಂಕಿ ಆರಿಸಿದ್ದೀರಿ ಎಂದು ಕೇಳಿದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. ಆರಿಸಲಾಗದ ಒಂದು ಬೆಂಕಿಯ ಲೆಕ್ಕ ಮಾತ್ರ ಅವರಿಗೆ ಬಾಯಿಪಾಠ.

ಅದು ಎರಡು ವರ್ಷದ ಹಿಂದಿನ ಮಾತು. ಆಗ ಸ್ಪರ್ಧೆ ನಡೆಯುತ್ತಿದ್ದದ್ದು ಕೆರೆಯಲ್ಲಲ್ಲ, ಊರ ಮೇಲಿನ ಕೋಡುಗಲ್ಲು ಗುಡ್ಡದ ಗೋಮಾಳದಲ್ಲಿ. ಆ ಹೊತ್ತಿಗೆ ಅಲ್ಲಿ ಎದೆಯುದ್ದದ ಹುಲ್ಲು ಒಣಗಿ ಗರಗರ ಎನ್ನುತ್ತಿರುತ್ತದೆ. ಗುಡ್ಡದ ಮಡಿಲಲ್ಲೇ ಶೋಲಾ ಎಂಬ ದಟ್ಟ ಕಣಿವೆಕಾಡು, ಆ ಕಾಡಿನೊಳಗೆ ದಬ್ಬೆಗದ್ದೆಯ ಮೂವತ್ತೆಂಟು ಮನೆಗಳಿಗೆ ನೀರು ಕೊಡುವ ಅಬ್ಬಿ. ಬೋರ್‌ವೆಲ್ ಕೊರೆಸಿದರೂ ಬಂಡೆಯೇ ಸಿಗುವ ಊರಿಗೆ ಬಂಡೆಯ ಸಂದಿಯಿಂದ ಸುರಿಯುವ ಆ ಒರತೆಯೇ ಗತಿ. ಹಾಗಾಗಿ ಬಸಮ್ಮ ಆವತ್ತು ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ಉಪಾಯ ಹೂಡಿದ್ದರು. ಗುಡ್ಡದ ಬುಡದಲ್ಲೇ ನಿಂತು, ಬಂದವರ ಜೇಬು ತಡಕಿ, ಐವತ್ತೆರಡು ಬೆಂಕಿಪೊಟ್ಟಣ ಮತ್ತು ಹದಿನೇಳು ಲೈಟರನ್ನು ಕಾಫಿ ಕೊಯ್ಯುವ ಚೀಲಕ್ಕೆ ತುಂಬಿಕೊಂಡರು. ದೊಡ್ಡ ಸಾಹುಕಾರರೆಂದೂ ನೋಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಬಹುಮಾನ ಹಂಚಿ ಮುಗಿದ ಮೇಲೆ ಅವರವರದ್ದನ್ನು ಅವರವರಿಗೆ ವಾಪಸ್ ಕೊಟ್ಟರು. ಗುಡ್ಡ ಖಾಲಿಯಾಯಿತು, ಬಸಮ್ಮ ಎದೆಯುಬ್ಬಿಸಿಕೊಂಡು ಮನೆಗೆ ಬಂದರು.

ನಾಲ್ಕು ಗಂಟೆಗೆ ಗುಡ್ಡದ ನೆತ್ತಿಯಿಂದ ಹೊಗೆ ಎದ್ದಿತು. ಎರಡು ದಿನ ಉರಿದ ಬೆಂಕಿ ಹುಲ್ಲನ್ನು ನೆಕ್ಕಿ, ಕಾಡಿನ ಅಂಚು ಹೊಕ್ಕು, ಅಬ್ಬಿಯ ನೆತ್ತಿಯ ಮರಗಳನ್ನು ಸುಟ್ಟಿತು. ಬೇಸಗೆ ಮುಗಿಯುವಷ್ಟರಲ್ಲಿ ನೀರು ಬೆರಳಿನಷ್ಟು ಸಣ್ಣಗಾಯಿತು.

“ಬೆಂಕಿಪೊಟ್ಣ ವಾಪಸ್ ಕೊಟ್ಟಿದ್ದೇ ತಪ್ಪಾತು ಅಂದ್ರು. ಯಾರೋ ಇಳಿಯೋವಾಗ ಬೀಡಿ ಹಚ್ಚಿರ್ಬೇಕು, ಬಸಮ್ಮ ಇನ್ ಸ್ವಲ್ಪ ಹೊತ್ತು ಇಟ್ಕಂಡಿದ್ರೆ ಆಗ್ತಿತ್ತು ಅಂತ. ನಾನೂ ಹಂಗೇ ಅಂದ್ಕಂಡೆ. ಅಬ್ಬಿ ಹತ್ರ ಕೊಡ ಇಟ್ಟು ನಿಂತ ಹೆಂಗಸ್ರ ಮುಖ ನೋಡಕ್ಕೆ ಆಗ್ತಿರ್ಲಿಲ್ಲ ನಂಗೆ. ಹತ್ತು ತಿಂಗಳು ತಲೆ ತಗ್ಸಿ ಓಡಾಡಿದೀನಿ” ಎನ್ನುತ್ತಾರೆ ಬಸಮ್ಮ.

ತಲೆ ಎತ್ತುವಂತೆ ಮಾಡಿದ್ದು ಮಂಗಗಳು. ಆ ಡಿಸೆಂಬರಿನಲ್ಲಿ ಬಸಮ್ಮ ಹಿರಿಯ ಬೆಳೆಗಾರ ಓಂಕಾರಪ್ಪನವರ ಕಣದಲ್ಲಿ ಕಾಫಿ ಹರವುತ್ತಿದ್ದರು. ಮಂಗಗಳ ಹಿಂಡು ಕಿತ್ತಳೆ ಮರಕ್ಕೆ ನುಗ್ಗಿತು. ಓಂಕಾರಪ್ಪ ತಮ್ಮ ಅಜ್ಜನ ಕಾಲದ ಕೇಪಿನ ಕೋವಿ ತಂದು ಆಕಾಶಕ್ಕೊಂದು ಈಡು ಹಾರಿಸಿದರು. ಸ್ಪರ್ಧೆಗೂ ಬರುವ ಇಂಥ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ಕತ್ತದ, ಅಂದರೆ ನಾರಿನ, ಉಂಡೆಯೊಂದನ್ನು ಗಜವೆಂಬ ಉದ್ದ ಸರಳಿನಿಂದ ಗಿಡಿಯುತ್ತಾರೆ. ಮಂಗಗಳು ಓಡಿದವು, ಎಲ್ಲರೂ ನಕ್ಕರು, ಕೆಲಸ ಮುಂದುವರಿಯಿತು. ಅರ್ಧ ಗಂಟೆ ಕಳೆದ ಮೇಲೆ ಸುಟ್ಟ ಕಮಟು ವಾಸನೆ. ಹುಡುಕಿದರೆ ಮೂಲೆಯಲ್ಲಿ ಮಡಚಿಟ್ಟಿದ್ದ ಗೋಣಿಚೀಲದಲ್ಲಿ ಹೆಬ್ಬೆರಳು ತೂರುವಷ್ಟು ತೂತು, ತೂತಿನ ಸುತ್ತ ಕೆಂಪು ಕಿಡಿ, ಒಳಗೆ ಆ ಕತ್ತದ ಉಂಡೆ.

“ಅಲ್ಲೇ ಕೂತ್‌ಬಿಟ್ಟೆ ನೋಡಿ. ಗುಂಡು ಎಲ್ ಹೋತು ಅಂತ ಎಲ್ರೂ ನೋಡ್ತಾರೆ. ಕತ್ತ ಎಲ್ ಬಿತ್ತು ಅಂತ ನೋಡ್ದೋರು ಯಾರೂ ಇಲ್ಲ. ನಾನೂ ನೋಡಿರ್ಲಿಲ್ಲ. ಜೇಬಲ್ಲಿ ಬೆಂಕಿ ಹುಡುಕ್ತಾ ನಿಂತಿದ್ದೆ, ಬೆಂಕಿ ಕೋವಿ ಬಾಯಲ್ಲಿತ್ತು.”

ಕಂಡದ್ದನ್ನು ಹೇಳಿದರೆ ಕೇಳುವವರು ಬೇಕಲ್ಲ. ಸ್ಪರ್ಧೆ ನಡೆಸುವ ಸಂಘದ ಅಧ್ಯಕ್ಷ ರುದ್ರೇಶ್ ಮೊದಲು ನಕ್ಕರು. ಅಜ್ಜಂದಿರ ಕಾಲದಿಂದ ಗುಡ್ಡದಲ್ಲೇ ಹೊಡೆದದ್ದು, ಕೆರೆಯಲ್ಲಿ ಹೊಡೆದರೆ ಮೂಡಿಗೆರೆಯವರು ಆಡಿಕೊಳ್ಳುತ್ತಾರೆ ಎಂಬುದು ಅವರ ವಾದ. ಬಸಮ್ಮ ವಾದಕ್ಕೆ ನಿಲ್ಲಲಿಲ್ಲ. ಓಂಕಾರಪ್ಪನವರ ಬಳಿ ಹೋಗಿ, “ಸಾಹುಕಾರ್ರೇ, ನಿಮ್ ಕಣದಲ್ಲಿ ಇನ್ನೊಂದ್ ಈಡು ಹೊಡೀಬೇಕು, ಸಂಘದೋರ ಎದುರಿಗೆ” ಎಂದು ಕೇಳಿದರು.

ಮುದುಕರಿಗೆ ಈಡು ಹೊಡೆಯಲು ನೆಪ ಸಿಕ್ಕರೆ ಸಾಕು. ಗುಡಿಸಿದ ಸಿಮೆಂಟು ಕಣದಲ್ಲಿ ಸಂಘದ ಏಳು ಜನ ಕುರ್ಚಿ ಹಾಕಿಕೊಂಡು ಕೂತರು. ಓಂಕಾರಪ್ಪ ಈಡು ಹಾರಿಸಿದರು. ಉಂಡೆ ಬಿದ್ದಲ್ಲಿಗೆ ಬಸಮ್ಮ ಹೋಗಿ, ಅದರ ಮೇಲೆ ಗುಡ್ಡದಿಂದ ತಂದಿದ್ದ ಒಂದು ಹಿಡಿ ಒಣಹುಲ್ಲು ಇಟ್ಟು ಬಂದರು. ಮೊದಲ ಸುತ್ತಿನ ಕಾಫಿ ಆಯಿತು, ಏನೂ ಆಗಲಿಲ್ಲ. ರುದ್ರೇಶ್ ಗಡಿಯಾರ ನೋಡಿಕೊಂಡರು. ಅಡಿಕೆ ಬಂತು, ಮಾತು ಕಾಫಿ ರೇಟಿಗೆ ತಿರುಗಿತು. ಎರಡನೇ ಸುತ್ತಿನ ಕಾಫಿ ಲೋಟದಲ್ಲಿರುವಾಗ ಹುಲ್ಲಿನಿಂದ ಎಳೆಯಷ್ಟು ಹೊಗೆ ಎದ್ದು, ಸಣ್ಣ ಗಾಳಿಗೆ ಭಗ್ಗೆಂದಿತು. ಆಗ ನಲವತ್ತೊಂದು ನಿಮಿಷವಾಗಿತ್ತು ಎಂದು ರುದ್ರೇಶ್ ನೆನಪಿಸಿಕೊಳ್ಳುತ್ತಾರೆ. “ಬಸಮ್ಮಕ್ಕ ಒಂದ್ ಮಾತು ಬೈಲಿಲ್ಲ. ಅದೇ ಜಾಸ್ತಿ ಚುಚ್ತು. ಆ ಬೆಂಕಿ ನಮ್ದು ಅಂತ ಅವತ್ತೇ ಗೊತ್ತಾತು. ಅವ್ರ ಮೇಲೆ ಹಾಕ್ಬಿಟ್ಟಿದ್ವಿ, ಅಬ್ಬಿ ಹತ್ರ ಹೋಗಿ ಎಲ್ರ ಎದುರಿಗೇ ಹೇಳಿ ಬಂದೆ.”

ಕಳೆದ ವರ್ಷದಿಂದ ಸ್ಪರ್ಧೆ ಕೆರೆಗೆ ಇಳಿದಿದೆ. ಎತ್ತರದ ಮಣ್ಣಿನ ಏರಿ ಗುಂಡಿಗೆ ತಡೆ, ಆ ದಿನ ಅದರ ಮೇಲೆ ಯಾರೂ ನಡೆಯುವಂತಿಲ್ಲ. ಕತ್ತವನ್ನು ಒದ್ದೆ ಮಾಡಿ ಎಂದು ಬಸಮ್ಮ ಹೇಳಿ ನೋಡಿದ್ದರು, ಮದ್ದು ಹಾಳಾಗುತ್ತದೆ ಎಂದು ಯಾರೂ ಒಪ್ಪಲಿಲ್ಲ. ಅದಕ್ಕೇ ಹೊಸ ಕಟ್ಟಳೆ: ಪ್ರತಿ ಈಡಿನ ನಂತರ ಬಸಮ್ಮ ಉಂಡೆ ಹುಡುಕಿ, ಗೋಣಿಯಿಂದ ಒತ್ತಿ ಆರಿಸಿ, ಕೈ ಎತ್ತಬೇಕು. ಅಲ್ಲಿಯವರೆಗೆ ಮುಂದಿನ ಕೋವಿ ಹಾರುವುದಿಲ್ಲ.

ಹತ್ತು ಗಂಟೆಗೆ ಶುರುವಾದ ಸ್ಪರ್ಧೆಯಲ್ಲಿ ಇವತ್ತು ಎಂಬತ್ತಾರು ಈಡು. ಎಂಬತ್ತಾರು ಸಲ ಬಸಮ್ಮ ಬಗ್ಗಿ ಎದ್ದಿದ್ದಾರೆ. ನಡುವೆ ಒಂದು ಉಂಡೆ ಸಿಗದೆ ಏಳು ನಿಮಿಷ ಆಟ ನಿಂತಿತು. ಬಿಸಿಲಿಗೆ ಕಾದ ಹಿರಿಯರೊಬ್ಬರು, “ಒಂದ್ ಉಂಡೆಗೆ ಇಷ್ಟ್ ಹೊತ್ತಾ ಮಾರಾಯ್ತಿ” ಎಂದು ಗೊಣಗಿದರು. ಬಸಮ್ಮ ತಲೆ ಎತ್ತದೆಯೇ ಉತ್ತರ ಕೊಟ್ಟರು: “ಗುಂಡು ನಿಮ್ದು, ಕತ್ತ ನಂದು. ಸ್ವಲ್ಪ ನಿಲ್ಲಿ.” ಉಂಡೆ ಬಿರುಕಿನೊಳಗೆ ಸಿಕ್ಕಿತು, ಇನ್ನೂ ಕೆಂಪಗಿತ್ತು. ಅದನ್ನು ಎಲ್ಲರಿಗೂ ಎತ್ತಿ ತೋರಿಸಿದ ಮೇಲೆ ಗೊಣಗಾಟ ಕೇಳಲಿಲ್ಲ.

ಸಂಜೆ ಜೀಪುಗಳು ಹೋದ ಮೇಲೂ ಬಸಮ್ಮ ಒಂದು ಗಂಟೆ ಕೆರೆಯಂಗಳದಲ್ಲೇ ಕೂರುತ್ತಾರೆ. ಹೊಗೆ ಏಳುವುದಿಲ್ಲ. ಆಮೇಲೆ ಕೊಡ ಎತ್ತಿಕೊಂಡು ಅಬ್ಬಿಯತ್ತ ನಡೆಯುತ್ತಾರೆ. ಸುಟ್ಟ ಅಂಚಿನಲ್ಲಿ ನೇರಳೆ ಗಿಡಗಳು ಸೊಂಟದೆತ್ತರಕ್ಕೆ ಬಂದಿವೆ, ದನ ನುಗ್ಗದಂತೆ ಬೇಲಿ ಕಟ್ಟಿದವರು ಸಂಘದವರೇ. ಕೊಡವನ್ನು ಧಾರೆಯ ಕೆಳಗಿಟ್ಟು ಬಸಮ್ಮ ಎಣಿಸತೊಡಗುತ್ತಾರೆ. ಬೆಂಕಿಗೆ ಮುಂಚೆ ಈ ಹೊತ್ತಿನಲ್ಲಿ ಅರವತ್ತು ಎಣಿಸುವಷ್ಟರಲ್ಲಿ ತುಂಬುತ್ತಿದ್ದ ಕೊಡ, ಆ ಬೇಸಗೆಯ ಕೊನೆಗೆ ಇನ್ನೂರ ಹತ್ತಕ್ಕೆ ಹೋಗಿತ್ತು. ಕಳೆದ ವರ್ಷ ನೂರ ಐವತ್ತು. ಇವತ್ತು ತೊಂಬತ್ತೈದಕ್ಕೆ ತುಂಬಿ ಹೊರಚೆಲ್ಲುತ್ತದೆ.

ಸರ್ಕಾರದಿಂದಲೋ ಸಂಘದಿಂದಲೋ ಏನಾದರೂ ಆಗಬೇಕೇ ಎಂದು ಕೇಳಿದರೆ ಬಸಮ್ಮ ಕೊಡವನ್ನು ಸೊಂಟಕ್ಕೇರಿಸಿಕೊಂಡು ನಗುತ್ತಾರೆ.

“ಅರವತ್ತಕ್ಕೆ ಕೊಡ ತುಂಬಿದ್ ವರ್ಷ ನಾನೂ ಒಂದ್ ಈಡು ಹೊಡೀಬೇಕು, ಓಂಕಾರಪ್ನೋರ ಕೋವೀಲಿ. ಕಾಯಿಗೆ ತಾಗದಿದ್ರೂ ಅಡ್ಡಿಲ್ಲ. ಅವತ್ತು ಗೋಣಿಚೀಲ ಹಿಡ್ಕಂಡು ಕತ್ತದ ಹಿಂದೆ ರುದ್ರೇಶಣ್ಣ ಓಡ್ಲಿ.”