ಲಾಲಸಾಬರ ಪಾಲಿನ ಹಾಡು

ಬಾಗಲಗುಂಟೆಯ ನಮ್ಮ ಮನೆಯ ತಾರಸಿಯ ಮೇಲೆ ಸಂಡಿಗೆ ಒಣಹಾಕಿ ಕಾಗೆ ಕಾಯುತ್ತ ಕೂತಿದ್ದ ನನ್ನ ಅತ್ತೆಯೇ ಆ ಹಾಡನ್ನು ಮೊದಲು ಕೇಳಿದವರು. ಅವರು ಮದುವೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಮ್ಮ ಬಾಡಿಗೆ ಕೋಣೆಗಳ ಸಾಲು ನಿಂತಿದೆ. ಅವುಗಳಲ್ಲೊಂದರಲ್ಲಿ ವಿಜಯಪುರದ ಕಡೆಯ ಸಿದ್ರಾಮಪ್ಪನವರೂ ಲಾಲಸಾಬರೂ ಜೊತೆಯಾಗಿದ್ದರು. ಇಬ್ಬರದೂ ಒಂದೇ ಊರು. ಪೀಣ್ಯದ ಒಂದೇ ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ಅರ್ಧ ಆಯುಷ್ಯ ಸವೆಸಿದವರು. ಭಾನುವಾರದ ಇಳಿಹೊತ್ತಿನಲ್ಲಿ ತಾರಸಿಗೆ ಬಂದು, ಕೈಯಲ್ಲೊಂದು ಕರವಸ್ತ್ರ ಹಿಡಿದು, ಎದುರುಬದುರಾಗಿ ಹೆಜ್ಜೆ ಹಾಕುತ್ತ ಹಾಡುತ್ತಿದ್ದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೆಳಗಿಳಿದು ಬಂದು ಹೇಳಿದ್ದರು: "ಅದ್ಯಾವ ತಾಯಿ ಕತೆನೋ ಕಣಮ್ಮ, ಕರುಳು ಕಿತ್ತು ಬರೋ ಅಂಗೆ ಪದ ಯೋಳ್ತಾರೆ."

ಅದು ಮೊಹರಮ್ಮಿನ ಪದ. ತನಗೆ ತಲೆಬಾಗೆಂದ ದೊರೆಗೆ ಬಾಗದೆ ಪ್ರವಾದಿಯ ಮೊಮ್ಮಗ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಮಡಿದ ಕತೆಯನ್ನು, ಆ ಸೀಮೆಯ ಒಕ್ಕಲು ಮಕ್ಕಳು ಜಾತಿಮತ ಕೇಳದೆ ಜೋಳದ ಹೊಲದ ಕನ್ನಡದಲ್ಲಿ ಕಟ್ಟಿಕೊಂಡು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಸಿದ್ರಾಮಪ್ಪನವರದು ಮುಮ್ಮೇಳ, ಲಾಲಸಾಬರದು ಹಿಮ್ಮೇಳ. ಮುಮ್ಮೇಳದವನು ಕಾಳಗಕ್ಕೆ ಹೋದ ಮಗನಿಗಾಗಿ ಡೇರೆಯೊಳಗೆ ಕಾಯುವ ತಾಯಿಯಾಗಿ ಕೇಳುತ್ತ ಹೋಗಬೇಕು: ಕುದುರೆ ಬಂತೇ, ನೀರು ಬಂತೇ, ಮಗ ಬಂದನೇ. ಹಿಮ್ಮೇಳದವನು ಒಂದೊಂದಕ್ಕೂ ಉತ್ತರ ಕೊಡಬೇಕು. ಒಬ್ಬನ ಪಾಲು ಇನ್ನೊಬ್ಬನು ಕಲಿಯುವ ವಾಡಿಕೆಯಿಲ್ಲ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವವಳು. ನಮ್ಮ ಸಂಗೀತವನ್ನು ಅರಮನೆಗಳೂ ಮತಗಳ ಕಾದಾಟಗಳೂ ಸೇರಿಯೇ ರೂಪಿಸಿದವೆಂಬ ಪಾಠವನ್ನು ಪ್ರತಿವರ್ಷ ಬಹಳ ಹುರುಪಿನಿಂದ ಮಾಡುತ್ತಿದ್ದೆ. ವಿಜಯಪುರದ ಸುಲ್ತಾನನೊಬ್ಬ ಶಾರದೆಯನ್ನು ಸ್ತುತಿಸಿ ಹಾಡು ಕಟ್ಟಿದ್ದನ್ನೂ, ವಿಜಯನಗರ ಹಾಳಾದ ಮೇಲೆ ವಿದ್ವಾಂಸರು ವೀಣೆ ಹೊತ್ತು ತಂಜಾವೂರಿನ ದಾರಿ ಹಿಡಿದದ್ದನ್ನೂ, ಮೈಸೂರಿನ ಅರಸರು ಉಸ್ತಾದರಿಗೂ ವೈಣಿಕರಿಗೂ ಒಂದೇ ಸಭೆಯಲ್ಲಿ ಶಾಲು ಹೊದಿಸಿದ್ದನ್ನೂ ವರ್ಣಿಸಿ, ಕೊನೆಗೆ, "ನೋಡಿ ಮಕ್ಕಳೇ, ರಾಜರು ಹೊಡೆದಾಡಿ ಹೋದರು, ಹಾಡು ಮಾತ್ರ ಉಳಿಯಿತು" ಎನ್ನುತ್ತಿದ್ದೆ. ಆ ಮಾತು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಅದು ನಿಜವೇ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಎದುರು ಮನೆಯವರಾರೋ ಈ ಇಬ್ಬರು ಹಾಡುವುದನ್ನು ಮೊಬೈಲಿನಲ್ಲಿ ಹಿಡಿದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಎರಡು ದಿನಕ್ಕೆ ನಾಲ್ಕು ಜನ ಹಿರಿಯರು ಮನೆಗೆ ಬಂದರು. "ನಿಮ್ ಬಿಲ್ಡಿಂಗ್ ಮೇಲೆ ಇದೆಲ್ಲಾ ಬೇಕಾ ಸಾರ್? ನಮ್ಮೋನೇ ಒಬ್ಬ ನಿಂತ್ಕೊಂಡು ಅವರ ಪದ ಹಾಡ್ತಾನಲ್ಲ" ಎಂದರು. ಗದರಲಿಲ್ಲ, ಕಾಫಿ ಕುಡಿದೇ ಹೋದರು. ಅದೇ ವಾರ ಅದೇ ವಿಡಿಯೋ ಅತ್ತಿಬೆಲೆಯಲ್ಲಿದ್ದ ಲಾಲಸಾಬರ ಅಳಿಯನಿಗೂ ತಲುಪಿತ್ತು. ಕುಣಿದು ಹಾಡುವುದು ಧರ್ಮಕ್ಕೆ ಒಪ್ಪಿತವಲ್ಲವೆಂದು ಅವನ ಕಡೆಯವರೂ ಹೇಳಿದ್ದರಂತೆ.

ನನ್ನ ಯಜಮಾನರು ಇಬ್ಬರನ್ನೂ ಕರೆದು, "ಬೇಜಾರು ಮಾಡ್ಕೋಬೇಡಿ, ಸ್ವಲ್ಪ ದಿನ ಹಾಡೋದು ನಿಲ್ಲಿಸ್ಬಿಡಿ. ಸುಮ್ನೆ ಯಾಕೆ ಗಲಾಟೆ?" ಎಂದರು. ಸಿದ್ರಾಮಪ್ಪನವರು ನನ್ನ ಮುಖ ನೋಡಿದರು. ಮುಖ ತಿರುಗಿಸಲು ನನಗೆ ಪಕ್ಕದಲ್ಲೇ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇತ್ತು.

ತಿಂಗಳೊಳಗೆ ಲಾಲಸಾಬರು ಮಗಳ ಮನೆಗೆ ಅತ್ತಿಬೆಲೆಗೆ ಹೊರಟುಹೋದರು. ಅಲ್ಲಿಂದಾಚೆ ಸಿದ್ರಾಮಪ್ಪನವರು ತಾರಸಿ ಹತ್ತಲೇ ಇಲ್ಲ. ಪ್ರೆಸ್ಸಿನ ಸದ್ದು ವರ್ಷಗಟ್ಟಲೆ ತಿಂದಿದ್ದ ಅವರ ಕಿವಿ ಮೆಲ್ಲನೆ ಪೂರ್ತಿ ಕೈಕೊಡತೊಡಗಿತು. ಅವರ ಊರಲ್ಲಿ ಈ ಪದ ಬಲ್ಲವರು ಬೇರೆ ಯಾರಿದ್ದಾರೆಂದು ಒಂದು ದಿನ ಕಿವಿಯ ಹತ್ತಿರ ಕೂಗಿ ಕೇಳಿದೆ. "ಯಾರೂ ಇಲ್ರಿ ಅಕ್ಕಾರ. ಊರಾಗೂ ಈಗ ಎರಡು ಪಾರ್ಟಿ ಆಗ್ಯಾವ. ಹಾಡು ಯಾರಿಗೂ ಬ್ಯಾಡಾಗೈತಿ" ಎಂದರು. ಅಂದು ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು. ಒಂದು ಹಾಡು ಎರಡು ಹೋಳಾಗಿ, ಈ ಮಹಾನಗರದ ಎರಡು ತುದಿಗಳಲ್ಲಿ, ಇಬ್ಬರು ಮುದುಕರ ಎದೆಯಲ್ಲಿ ಕೂತಿತ್ತು. ಎರಡನ್ನೂ ರೆಕಾರ್ಡು ಮಾಡಿಟ್ಟರೆ ನನ್ನ ಮೌನದ ತಪ್ಪು ತುಸುವಾದರೂ ತೊಳೆದೀತೆಂಬ ಆಸೆಯಿಂದ, ಒಂದು ಭಾನುವಾರ ಅವರನ್ನು ಕರೆದುಕೊಂಡು ಮೂರು ಬಸ್ಸು ಬದಲಿಸಿ ಅತ್ತಿಬೆಲೆಗೆ ಹೋದೆ.

ಲಾಲಸಾಬರು ಬಾಗಿಲಿಗೇ ಓಡಿಬಂದು ಗೆಳೆಯನನ್ನು ತಬ್ಬಿಕೊಂಡರು. ಮಗಳು ಚಹಾ ತಂದಳು. ಅಳಿಯ ಮರ್ಯಾದಸ್ಥ, ಕುರ್ಚಿ ಎಳೆದು ಕೂರಿಸಿ, ತಾನೂ ಅಲ್ಲೇ ಕೂತ. ನಾನು ಬಂದ ಕಾರಣ ಹೇಳಿದೆ. ಲಾಲಸಾಬರು ಅಳಿಯನತ್ತ ನೋಡಲಿಲ್ಲ, ನನ್ನತ್ತಲೂ ನೋಡಲಿಲ್ಲ. ಚಹಾದ ಲೋಟವನ್ನೇ ನೋಡುತ್ತ ಮೆಲ್ಲಗೆ, "ಮರ್ತೀನ್ರಿ" ಎಂದರು.

ಸಿದ್ರಾಮಪ್ಪನವರಿಗೆ ಕೇಳಿಸಲಿಲ್ಲ. "ಏನಂದ್ಯೋ?" ಎಂದು ಮುಂದಕ್ಕೆ ಬಾಗಿದರು.

"ಮರ್ತೀನೋ ಸಿದ್ರಾಮಾ."

"ಆಂ?"

ಆಗ ಲಾಲಸಾಬರು ಕಣ್ಣು ಮುಚ್ಚಿಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಹಾಡು ಮರ್ತೀನಿ!"

ಒಂದೇ ಸುಳ್ಳನ್ನು ಅವರು ಮೂರು ಸಲ ಹೇಳಬೇಕಾಯಿತು, ಮೂರನೆಯ ಸಲ ಅರಚಿ. ಸಿದ್ರಾಮಪ್ಪನವರು ತಲೆಯಾಡಿಸಿ, ಗೆಳೆಯನ ಮಂಡಿ ತಟ್ಟಿ, "ಇರ್ಲಿ ಬಿಡೋ, ವಯಸ್ಸಾತು" ಎಂದರು. ನಂಬಿದವರಂತೆ ನಟಿಸಿದರೋ ನಂಬಿಯೇಬಿಟ್ಟರೋ, ನನಗೆ ತಿಳಿಯಲಿಲ್ಲ. ಆ ಮಳೆಗಾಲ ಕಳೆಯುವಷ್ಟರಲ್ಲಿ ಲಾಲಸಾಬರು ತೀರಿಕೊಂಡರು. ಮಣ್ಣಾದ ಮೂರನೆಯ ದಿನ ನಮಗೆ ಸುದ್ದಿ ಬಂತು.

ಗೆಳೆಯರೇ, ಈಗ ಆ ಹಳೆಯ ಪಾಠ ನನ್ನ ಬಾಯಿಂದ ಹೊರಡುವುದಿಲ್ಲ. ಹಾಡು ಉಳಿಯಿತೆಂದು ಹೇಳುವ ನಮಗೆ ಗೊತ್ತಿರುವುದು ಉಳಿದು ಬಂದ ಹಾಡುಗಳು ಮಾತ್ರ. ತಂಜಾವೂರಿನ ದಾರಿಯಲ್ಲಿ ವೀಣೆಯೊಂದಿಗೆ ಕುಸಿದವನ ರಾಗ ಯಾವುದು, ಒಬ್ಬ ಸುಲ್ತಾನ ಮೆಚ್ಚಿದ್ದಕ್ಕೆ ಮುಂದಿನವನು ಬಾಯಿ ಮುಚ್ಚಿಸಿದ ಗಾಯಕ ಯಾರು, ಗುಡಿಯಿಂದಲೋ ದರ್ಗಾದಿಂದಲೋ ಸದ್ದಿಲ್ಲದೆ ಹೊರಬಿದ್ದ ಪದಗಳೆಷ್ಟು? ಚರಿತ್ರೆಯಲ್ಲಿ ಅವಕ್ಕೆ ಒಂದು ಸಾಲೂ ಇಲ್ಲ. ಯಾವ ರಾಜ್ಯವೂ ಬೀಳದೆ, ಯಾವ ಕತ್ತಿಯೂ ಹಿರಿಯದೆ, ಕಾಫಿ ಕುಡಿದು ಹೋದ ನಾಲ್ಕು ಜನ ಸಭ್ಯರಿಂದಲೂ, ಮಾತಾಡದ ಒಬ್ಬ ಮೇಡಂನಿಂದಲೂ ಒಂದು ಪದ ಸಾಯುತ್ತದೆಂದು ಯಾವ ಪುಸ್ತಕದಲ್ಲಿ ಬರೆದಿದೆ?

ಕಳೆದ ವಾರ ಸಿದ್ರಾಮಪ್ಪನವರ ಕೋಣೆಗೆ ಹೋಗಿ, ಅವರ ಪಾಲನ್ನಾದರೂ ಹಾಡಿರೆಂದು ಬೇಡಿಕೊಂಡೆ. ಉತ್ತರದ ಸಾಲುಗಳು ನೆನಪಿವೆಯೇ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

"ನೆನಪೇನೋ ಅದಾವ್ರಿ ಅಕ್ಕಾರ. ಆದ್ರ ಬಾಯಿಗೆ ಬರಂಗಿಲ್ಲ. ಅದು ಅವನ ಪಾಲು."

ಹಾಡಿದರು. ಒಂದು ಪ್ರಶ್ನೆ ಕೇಳಿ, ಕರವಸ್ತ್ರದ ಕೈ ಎತ್ತಿ ಹಿಡಿದು ನಿಂತರು. ಆ ನಿಲುಗಡೆಯಲ್ಲಿ ಅವರ ಮುಖ ನಿಧಾನವಾಗಿ ಬದಲಾಯಿತು. ಯಾರೋ ಏನೋ ಹೇಳಿ ಮುಗಿಸಿದಂತೆ ತುಟಿ ನಡುಗಿ, ಕಣ್ಣು ತುಂಬಿ, ಆಮೇಲೆ ಕೈ ಇಳಿಯಿತು. ಮತ್ತೊಂದು ಪ್ರಶ್ನೆ, ಮತ್ತೆ ಮೌನ. ಏನೂ ಕೇಳಿಸದ ಆ ಕಿವಿಗಳಿಗೆ ಪ್ರತಿಯೊಂದು ಉತ್ತರವೂ ಕೇಳಿಸುತ್ತಿತ್ತು. ಅವರ ಮುಂದೆ ಫೋನು ಹಿಡಿದು ಕೂತ ನನಗೆ ಕೇಳಿಸಿದ್ದು ಹಿಂದಿನ ಬೀದಿಯ ಶೆಡ್ಡಿನಲ್ಲಿ ಯಾರೋ ಕಬ್ಬಿಣ ಉಜ್ಜುತ್ತಿದ್ದ ಸದ್ದು ಮಾತ್ರ.