ಮಾಸ್ತರಿಗೆ ಓದಾಕ ಬರಲಾರದ ಫೈಲು

ಹಳೇ ಕಂಪ್ಯೂಟರಿನ ಡಬ್ಬಿ ಬಿಚ್ಚಿದರ ಒಂದು ವಾಸನಿ ಬರತೈತಿ. ಕಾದ ಧೂಳು, ಅದರಾಗ ಒಂದೀಟು ಸುಟ್ಟ ವೈರು... ಹೋದ ತಿಂಗಳು ಕೊಪ್ಪಳದ ನಮ್ಮ ಹಾಸ್ಟೆಲ್ ಕಚೇರಿಗೆ ರಿಪೇರಿಯವರು ಬಂದು ಡಬ್ಬಿ ಬಿಚ್ಚಿದಾಗ ಆ ವಾಸನಿ ಮೂಗಿಗೆ ಬಡೀತು. ರಿಸ್ಟೋರ್ ಮಾಡಿ ಮುಗಿಸಿ ನಮ್ಮ ಕನ್ನಡ ಫೈಲು ತೆಗೆದರು. ಪರದೆ ತುಂಬ ತಲಿಮ್ಯಾಲೆ ಗೀರು ಬಿದ್ದ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಚುಕ್ಕಿ. "ಎಲ್ಲಾ ಹಾಳಾಗ್ಯಾವ್ರಿ ಮೇಡಂ" ಅಂದರು. "ಏನೂ ಹಾಳಾಗಿಲ್ಲ. ಕನ್ನಡದ ಫಾಂಟ್ ಹೋಗೈತಿ, ಅದನ್ನ ಹಾಕ್ರಿ" ಅಂದೆ.

ಇದನ್ನ ನನಗ ಕಲಿಸಿದವರು ಕುಕನೂರಿನ ಟೈಪಿಂಗ್ ಮಾಸ್ತರು. ಕಲಿಸಿದರು ಅನ್ನೂದೂ ತಪ್ಪ. ನನ್ನ ಕಣ್ಣ ಮುಂದ ಮಾಡಿದರು, ಒಂದು ದಿನ, ಒಂದೇ ಸಲ.

ಆಗ ನಾನು ಕುಕನೂರಿನ ಸೊಸಿ. ಸಿದ್ದಾಪುರದ ಕಾಲುವಿ ದಂಡಿ ಹುಡುಗಿ, ಬಿ.ಎ. ಮುಗಿಸಿಕೊಂಡು ಬಂದಾಕಿ. ಮಾವನೋರದು ಬಜಾರದಾಗ ಜೆರಾಕ್ಸ್, ಟೈಪಿಂಗ್ ಅಂಗಡಿ. ಅಂಗಡಿ ಹಿಂದ ಮನಿ, ಎರಡರ ನಡುವ ಒಂದು ಪರದಾ. ಅಡಗಿ ಮುಗಿಸಿ ಪರದಾ ಸರಿಸಿದರ ಕೀಬೋರ್ಡು, ಕೀಬೋರ್ಡು ಬಿಟ್ಟು ಪರದಾ ಸರಿಸಿದರ ಒಲಿ. ಮೂರು ವರ್ಷದಾಗ ಆ ಊರ ಬಸ್‌ಸ್ಟ್ಯಾಂಡ್ ನೋಡಿದ್ದು ಬೆರಳೆಣಿಕಿಯಷ್ಟು ಸಲ. ಬಡಿದವರಿಲ್ಲ, ಬೈದವರಿಲ್ಲ, ಸುಳ್ಳು ಯಾಕ ಹೇಳಲಿ. "ಎಲ್ಲಾ ಐತಲ್ಲವಾ ಮನ್ಯಾಗ, ಹೊರಗೇನೈತಿ?" ಅಂತಿದ್ದರು ಮಾವ, ಭಾಳ ಸಮಾಧಾನದಿಂದ. ನಮ್ಮ ಮನಿಯವರನ್ನ ಕೇಳಿದರ "ಅಪ್ಪ ಹೇಳಿದಂಗ" ಅನ್ನೋರು. ಬಡಿಯೋ ಮನಿ ಆಗಿದ್ದರ ಅತ್ತು ಕರೆದು ನಾಕು ಮಂದೀನ ಕೂಡಿಸಬಹುದಿತ್ತು. ಸಮಾಧಾನದ ಮನ್ಯಾಗ ಯಾರ ಮುಂದ ಏನಂತ ಹೇಳ್ತಿ? ಫೋನು ಇತ್ತು. ಗಲ್ಲಾದ ಮ್ಯಾಲೆ ಇರತಿತ್ತು, ಎಲ್ಲಾರ ಕಿವಿ ಮುಂದ.

ಅದಕ್ಕ ಅಣ್ಣಗ ಒಂದು ಕಾಗದ ಬರದೆ. ಕೈಲೆ ಬರದರ ಯಾರರ ಎತ್ತಿ ಓದ್ಯಾರು ಅಂತ ಟೈಪ್ ಮಾಡಿದೆ. ಬೆರಳು ಆಡತಿದ್ದರ ಸಾಕು, ಸೊಸಿ ದುಡೀಲಿಕ್ಕತ್ಯಾಳ ಅಂತ ಮಾವನೋರಿಗೆ ಖುಷಿ. ಗಿರಾಕಿಗಳ ಅಫಿಡವಿಟ್ಟಿನ ನಡುವ ದಿನಕ್ಕೆರಡು ಸಾಲು, ಹದಿನೈದು ದಿನ. "ಅಣ್ಣಾ, ಕೊಪ್ಪಳದಾಗ ಹಾಸ್ಟೆಲಿನ ಕೆಲಸಕ್ಕ ಅರ್ಜಿ ಕರದಾರ. ನೀ ಬಂದು ಇವರ ಕೂಡ ಮಾತಾಡು. ನನಗ ಇಲ್ಲಿ ಉಸಿರು ಕಟ್ಟೈತಿ. ನೀ ಬರಲಿಲ್ಲಂದ್ರ ನಾ ಈ ಪರದಾದ ಹಿಂದ ಮುದುಕಿ ಆಗತೀನಿ." ತಲಿಗೆ ಅಣ್ಣನ ಹೆಸರು, ಊರು, ವಿಳಾಸ ಸುದ್ದಾ ಹಾಕಿದ್ದೆ. ಫೈಲಿಗೆ 'ಆದಾಯ ಅರ್ಜಿ ನಮೂನಿ' ಅಂತ ಹೆಸರಿಟ್ಟೆ. ಪ್ರಿಂಟ್ ತೆಗಿಯಾಕ ಮಾತ್ರ ಧೈರ್ಯ ಬರಲಿಲ್ಲ. ನಾಳೆ, ನಾಡದು ಅಂತ ದಿನ ದೂಡಿದೆ. ಅರ್ಜಿ ಹಾಕೂ ಕಡೀ ತಾರೀಖಿಗೆ ಹತ್ತು ದಿನ ಉಳದಿದ್ದವು.

ಅಷ್ಟರಾಗ ಒಂದು ಮುಂಜಾನೆ ಕಂಪ್ಯೂಟರ್ ಜಡಕ್ಕಂತ ನಿಂತಿತು. ಮಾವನೋರು ಕನ್ನಡಕ ಏರಿಸಿಕೊಂಡು ತಾವೇ ಕುಂತರು. "ರಿಸ್ಟೋರ್ ಮಾಡಲೇನು ಅಂತ ಕೇಳ್ತು, ಹೂಂ ಅಂದೆ. ಮತ್ತೇನೋ ಕೇಳ್ತು, ಅದಕ್ಕೂ ಹೂಂ ಅಂದೆ. ಕೇಳಿದ್ದಕ್ಕೆಲ್ಲಾ ಹೂಂ ಅಂದ್ರೂ ಇದಕ್ಕೇನು ಧಾಡಿ?" ಮತ್ತ ಚಾಲೂ ಆದಾಗ ಅದಕ್ಕ ಪ್ರಿಂಟರಿನ ಗುರುತೇ ಇಲ್ಲ, ತಾರೀಖು ಯಾವ ಕಾಲದ್ದೋ, ಕನ್ನಡದ ಫೈಲೆಲ್ಲಾ ಗೀರು ಚುಕ್ಕಿ. ನಾಡಕಚೇರಿಗೆ ಹೋಗೋ ಮಂದಿ ಬಾಗಲದಾಗ ನಿಂತು ಗುಣುಗುಣು ಅನ್ನಾಕ ಹತ್ತಿದರು. ಮಾಸ್ತರನ್ನ ಕರೆಸಿದರು.

ಸಣಕಲ ಆಳು, ಬಿಳೀ ಅಂಗಿ, ಎದಿ ಕಿಸೆದಾಗ ಪೆನ್ನಿನ ಜೋಡಿ ಒಂದು ಸ್ಕ್ರೂಡ್ರೈವರ್. ಒಂದು ಕಾಲಕ್ಕ ಟೈಪಿಂಗ್ ಕ್ಲಾಸ್ ನಡೆಸಿದವರಂತ. ಟೈಪ್‌ರೈಟರೆಲ್ಲಾ ಗುಜರಿಗೆ ಹೋದಮ್ಯಾಲೆ ಕಂಪ್ಯೂಟರ್ ರಿಪೇರಿಗೆ ಬಿದ್ದಿದ್ದರು. ಬಜಾರದಾಗ ಯಾರ ಮಿಷನ್ ಕೆಟ್ಟರೂ ಅವರೇ ಬರಬೇಕು. ಮೊದಲು ಫೈಲೆಲ್ಲಾ ತಮ್ಮ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರು. "ಕೈಯಾಗ ಒಂದು ನಕಲು ಇಲ್ಲದ ಮಿಷನ್ ಮುಟ್ಟಬಾರದ್ರಿ ಸಾವಕಾರ್ರ." ಡಬ್ಬಿ ಬಿಚ್ಚಿದರು, ಅದೇ ಕಾದ ಧೂಳಿನ ವಾಸನಿ. ತಾರೀಖು ಸರಿ ಮಾಡಿದರು, ಪ್ರಿಂಟರ್ ಜೋಡಿಸಿದರು. ಇನ್ನೇನು ಫಾಂಟ್ ಹಾಕಬೇಕು, ಮಾವ ತಡದರು. "ಅದು ಆಮ್ಯಾಲೆ ಆಗಲಿ ಬಿಡ್ರಿ. ಮೊದಲು ನನ್ನ ಫೈಲು ಜೀವಂತ ಅದಾವೇನು ನೋಡ್ರಿ."

ಮಾಸ್ತರು ಮೊದಲನೇದು ತೆಗೆದರು. ಆ ಗೀರು ಚುಕ್ಕಿ ನೋಡಿಕೋತ, ತಡವರಿಸದ, "ಕೊಪ್ಪಳ ಜಿಲ್ಲಾ ಯಲಬುರ್ಗಾ ತಾಲೂಕಿನವನಾದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ..." ಅಂತ ಓದಿದರು. ಮಾವನೋರು ಬಾಯಿ ತಕ್ಕೊಂಡು ನಿಂತರು. "ಎಪ್ಪಾ! ಇದನ್ನ ಹೆಂಗ ಓದಿದ್ರಿ?"

"ಪೌಂಡಿನ ಗುರುತು ಬಂದ್ರ ನ, ಪಿ ಬಂದ್ರ ಕ. ಕೆಟ್ಟ ಕಂಪ್ಯೂಟರ್ ನೋಡಿ ನೋಡಿ ಬಾಯಿಪಾಠ ಆಗೈತ್ರಿ" ಅಂತ ನಕ್ಕರು.

ನಾನು ಚಾ ಹಿಡಕೊಂಡು ಪರದಾದ ಹತ್ತರ ನಿಂತಿದ್ದೆ. ಅಲ್ಲೀತನಕ ಆ ಗೀರಕ್ಷರ ನೋಡಿ ದೇವರೇ ಮುಚ್ಚಿಟ್ಟ ಅಂತ ಒಳಗೊಳಗ ಕೈ ಮುಗದಿದ್ದೆ. ಈಗ ಮಾಸ್ತರು ಓದಿದರೂ ಸಿಗತೀನಿ. ಅವರು ಓದದೇ, ಫಾಂಟ್ ಹಾಕಿದರ ಮಾವನೋರೇ ಓದತಾರ. ಅತ್ತ ದರಿ, ಇತ್ತ ಪುಲಿ. ಮಾಸ್ತರು ಒಂದೊಂದೇ ತೆಗಿಯೋರು, ಒಂದು ಸಾಲು ಓದೋರು, ಮಾವನೋರು "ಇರಲಿ" ಇಲ್ಲಾ "ಅಳಿಸ್ರಿ" ಅನ್ನೋರು. ಯಾದಿಯೊಳಗ ನನ್ನ ಫೈಲು ನಾಕನೇದು. ಓಡಿಹೋಗಿ ಕರೆಂಟಿನ ವೈರು ಕೀಳಲೇನು ಅನಿಸಿತು. ಚಾ ಹಿಡಕೊಂಡು ಅಲ್ಲೇ ನಿಂತೆ.

ನಾಕನೇದು ತೆಗೆದರು. ಬಾಯಿ ತೆರದವರು ಮುಚ್ಚಿದರು. ಅವರ ಕಣ್ಣು ಎಡದಿಂದ ಬಲಕ್ಕ, ಎಡದಿಂದ ಬಲಕ್ಕ, ಸಾವಕಾಶ ಸಾಲು ಸಾಲು ಇಳೀಲಿಕ್ಕತ್ತಿದ್ದವು. ನಾನು ನೋಡೇ ನೋಡಿದೆ. ಕಡೀ ಸಾಲಿನತನಕ ಓದಿದರು.

"ಏನೈತ್ರಿ ಅದರಾಗ?" ಅಂದರು ಮಾವ.

"ಇದು ಕೆಟ್ಟೈತ್ರಿ. ನನಗ ಓದಾಕ ಬರವಲ್ದು."

"ಫಾಂಟ್ ಹಾಕಿದ್ರ?"

"ಹಾಕಿದ್ರೂ ಬರೂದಿಲ್ರಿ."

"ಹಂಗಾರ ಅಳಿಸಿಬಿಡ್ರಿ. ಕಸ ಯಾಕ?"

ಮಾಸ್ತರು ಅವಾಗ ಮೊದಲನೇ ಸಲ ನನ್ನ ಕಡೆ ತಿರುಗಿದರು. "ಬೇಕಾಗಿದ್ದೇನವಾ ತಂಗಿ ಇದು? ನಿಂದೇನರ ಐತೇನು?"

ಮಾವನೋರು ಸೈತ ನನ್ನನ್ನೇ ನೋಡಲಿಕ್ಕತ್ತಿದ್ದರು. "ನಂದಲ್ರಿ... ಬ್ಯಾಡ್ರಿ" ಅಂದೆ. ಹದಿನೈದು ದಿನದ ಕಾಗದ ಒಂದು ಗುಂಡಿ ಒತ್ತಿದ್ದಕ್ಕ ಹೋತು. ಆಮ್ಯಾಲೆ ಫಾಂಟ್ ಹಾಕಿದರು, ಗೀರೆಲ್ಲಾ ಹೋಗಿ ಛಲೋ ದುಂಡನ್ನ ಕನ್ನಡ ಬಂತು. ಮಾವನೋರು ಚಪ್ಪಾಳಿ ಹೊಡೆದರು. ನಾನು ಒಳಗ ಹೋಗಿ ಒಲಿ ಮುಂದ ಕುಂತು ಅತ್ತೆ. ಸಿಗಲಿಲ್ಲ ಅನ್ನೋ ಸಮಾಧಾನಕ್ಕೋ, ಇನ್ನ ಎಂದೂ ಹೊರಗ ಬೀಳಂಗಿಲ್ಲ ಅಂತನೋ, ಇವತ್ತಿಗೂ ತಿಳೀವಲ್ದು.

ಆರನೇ ದಿನಕ್ಕ ಅಣ್ಣ ಬಂದ. ಕೈಯಾಗ ಪ್ರಿಂಟಾದ ಕಾಗದ, ನನ್ನ ಕಾಗದ, ಒಂದು ಅಕ್ಷರ ಹೆಚ್ಚು ಕಮ್ಮಿ ಇಲ್ಲ. "ಟಪಾಲಿನ್ಯಾಗ ಬಂತು. ಇಷ್ಟೆಲ್ಲಾ ಆದ್ರೂ ಮುಂಚೇಕ ಯಾಕ ಹೇಳಲಿಲ್ಲವಾ?" ಅಂತ ಕಣ್ಣಾಗ ನೀರು ತಂದ. ಮಾವನೋರು ಆ ಹಾಳಿ ಇಸಕೊಂಡು ಪೂರಾ ಓದಿದರು. ಕಂಪ್ಯೂಟರಿನ ಕಡೆ ಒಂದು ಸಲ ನೋಡಿದರು, ಅಷ್ಟ. ನಾನು ಅವತ್ತೇ ಅಣ್ಣನ ಕೂಡ ಹೊಂಟೆ. ಅರ್ಜಿ ಹಾಕಿದೆ, ಕೆಲಸ ಆತು. ನಮ್ಮ ಮನಿಯವರೂ ಒಂದು ವರ್ಷಕ್ಕ ಕೊಪ್ಪಳಕ್ಕ ಬಂದು ಕೂಡಿಕೊಂಡರು, ಸಂಸಾರ ನಡದೈತಿ.

ನಾ ಬಂದಮ್ಯಾಲೆ ಕುಕನೂರಾಗ ಏನಾತು ಅನ್ನೂದು ನಮ್ಮ ಮನಿಯವರ ಬಾಯಿಂದಲೇ ನನಗ ಗೊತ್ತಾಗಿದ್ದು. ಮಾವನೋರು ಮಾಸ್ತರ ಕೂಡ ಜಗಳ ಆಡಲಿಲ್ಲ. ಅದೇ ಸಮಾಧಾನದ ದನಿಯೊಳಗ ಬಜಾರದ ತುಂಬ ಒಂದು ಮಾತು ಹೇಳಿ ಬಂದರಂತ: "ಆ ಮಾಸ್ತರ ಗಿರಾಕಿಗಳ ಫೈಲ್ ಕದೀತಾರ, ಹುಷಾರ್ರಿ." ಪೂರಾ ಸುಳ್ಳು ಅನ್ನಾಕೂ ಬರಂಗಿಲ್ಲ ನೋಡ್ರಿ ಆ ಮಾತು. ಒಬ್ಬೊಬ್ಬರೇ ಅವರನ್ನ ಕರೆಯೂದು ಬಿಟ್ಟರು. ನಾನು ಹೋಗಿ ಒಂದು ಮಾತು ಹೇಳಿದ್ದರ ಆಗತಿತ್ತು. ಕೊಪ್ಪಳದಿಂದ ಕುಕನೂರಿಗೆ ದಿನಾ ಬಸ್ಸು. ಎಂಟು ವರ್ಷ ನಾನು ಆ ಬಸ್ಸು ಹತ್ತಲಿಲ್ಲ. ಆ ಬಜಾರದಾಗ ಹೆಂಗ ಮಾರಿ ತೋರಿಸಲಿ ಅಂತ ನೆವ ಹೇಳಿಕೊಂಡೆ. ಹೋದ ವರ್ಷ ಮಾಸ್ತರು ತೀರಿಕೊಂಡರು ಅಂತ ಸುದ್ದಿ ಬಂತು, ಅವಾಗೂ ಹೋಗಲಿಲ್ಲ.

ಕಚೇರಿಯೊಳಗ ಆ ವಾಸನಿ ಬಂದ ವಾರವೇ, ಐತವಾರ, ಹೋದೆ. ಮಾಸ್ತರ ಹೆಣ್ತಿ ಕಟ್ಟಿಮ್ಯಾಲೆ ಜ್ವಾಳ ಹಸನ ಮಾಡಲಿಕ್ಕತ್ತಿದ್ದರು. ಯಾರವಾ ಅಂದರು. ಜೆರಾಕ್ಸ್ ಅಂಗಡಿ ಸೊಸಿ ಅಂದೆ. ಅವರ ಕೈ ನಿಂತಿತು.

"ನಿಮ್ಮ ಮಾವ ಹಂಗ್ಯಾಕ ಅಂದ್ರು ಅಂತ ಇವರನ್ನ ಸಾಯೋತನಕ ಕೇಳಿದೆ ತಂಗಿ. ಹೇಳಲಿಲ್ಲ. ನಾ ಕದ್ದಿಲ್ಲ ಅಂತನೂ ಅನ್ನಲಿಲ್ಲ. ಕಡೀಕ ನಾನೂ ಕದ್ದಾರ ಅಂತ ತಿಳಕೊಂಡೆ."

ನಾನು ಅವರ ಮುಂದ ನೆಲಕ್ಕ ಕುಂತೆ. "ಕದ್ದಿಲ್ರಿ ಅವ್ವಾರ. ಅದು ನಂದು, ನನ್ನ ಕಾಗದ" ಅಂದೆ.