ಒಂಬತ್ತರ ಮೇಲಿನ ಅನುಮಾನ

ನಿನ್ನೆ ಸಂಜೆ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರಬ್ಬರಿನ ವಾಸನೆ. ಮಗಳು ಮುನ್ನೂರರಲ್ಲಿ ಏಳು ಕಳೆಯುವ ಲೆಕ್ಕವನ್ನು ಬರೆದು ಅಳಿಸಿ, ಅಳಿಸಿ ಬರೆದು ಕಾಗದ ಹರಿಯುವ ಹಾಗೆ ಮಾಡಿದ್ದಳು. ನಡುವಿನ ಸೊನ್ನೆಯ ತಲೆಯ ಮೇಲೆ ಪುಟ್ಟ ಒಂಬತ್ತು ಕೂತಿತ್ತು. ಆ ಒಂಬತ್ತಿಗೂ ನನಗೂ ಹಳೆಯ ಜಗಳ, ನೋಡಿ.

ನಾನು ಹುಟ್ಟಾ ಅನುಮಾನದವಳು. ಪ್ರಸಾದ ಹಂಚುವವರ ಕೈಯನ್ನೂ ನಂಬಿದವಳಲ್ಲ. ಚಿಕ್ಕವಳಿದ್ದಾಗ ಮೇಲೂರಿನ ಶಾಲೆಯಲ್ಲಿ ನಾಲ್ಕನೇ ತರಗತಿಯ ಮೇಷ್ಟ್ರು ಇದೇ ಲೆಕ್ಕ ಮಾಡಿದಾಗ ಎದ್ದು ನಿಂತೆ.

"ಸಾರ್, ಸೊನ್ನೆ ಹತ್ರ ಏನೂ ಇಲ್ವಲ್ಲ. ಒಂಬತ್ತು ಎಲ್ಲಿಂದ ಬಂತು?"

"ಪಕ್ಕದ ಮನೆಯಿಂದ ಸಾಲ ತಂತು."

"ತಂದ್ರೆ ಹತ್ತಾಗ್ಬೇಕು. ಇನ್ನೊಂದು ಎಲ್ಲೋಯ್ತು?"

ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಇದು ಬರೋವರ್ಗೂ ಮೂರನೇ ಕ್ಲಾಸಲ್ಲಿ ಕೂತ್ಕೊಳಮ್ಮ" ಎಂದರು. ಅಲ್ಲಿ ನನ್ನ ತಮ್ಮ ಓದುತ್ತಿದ್ದ. ಅವನ ಪಕ್ಕ ಕೂತ ಆ ಅವಮಾನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ದೊಡ್ಡಮ್ಮ ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದರು. ಹತ್ತು ಊಟದೆಲೆಗೆ ಒಂದು ಸಣ್ಣ ಕಟ್ಟು, ಹತ್ತು ಸಣ್ಣ ಕಟ್ಟಿಗೆ ಒಂದು ದೊಡ್ಡ ಕಟ್ಟು. ಆ ಸಂಜೆ ಮನೆಯಲ್ಲಿದ್ದದ್ದು ಮೂರು ದೊಡ್ಡ ಕಟ್ಟು ಮಾತ್ರ. ಪಕ್ಕದ ಮನೆಯ ರತ್ನಮ್ಮ ಬಂದು, "ಅಕ್ಕ, ನೆಂಟ್ರು ಬಂದವ್ರೆ, ಏಳು ಎಲೆ ಕೊಡಿ" ಎಂದರು.

ದೊಡ್ಡಮ್ಮ ಒಂದು ದೊಡ್ಡ ಕಟ್ಟು ಬಿಚ್ಚಿ, ಎಲೆ ಎಣಿಸಿ ಕೊಟ್ಟರು. ರತ್ನಮ್ಮ ಅತ್ತ ಹೋದದ್ದೇ ನಾನು ನೆಲದ ಮೇಲಿನ ಸಣ್ಣ ಕಟ್ಟುಗಳನ್ನು ಎಣಿಸಿದೆ. ಒಂಬತ್ತೇ ಇದ್ದವು.

"ದೊಡ್ಡಮ್ಮ, ಆಯಮ್ಮ ಒಂದು ಕಟ್ಟು ಹೊಡ್ಕೊಂಡು ಹೋದ್ಲು."

"ಸುಮ್ನಿರೇ, ಇನ್ನೊಂದನ್ನ ಬಿಚ್ಚಿದ್ನಲ್ಲ, ಇಲ್ಲೈತೆ" ಎಂದು ಮಡಿಲು ತೋರಿಸಿದರು. ಬಿಚ್ಚಿದ ಕಟ್ಟಿನಲ್ಲಿ ಉಳಿದ ಮೂರು ಎಲೆ ಅಲ್ಲಿದ್ದವು. ಎರಡು ದೊಡ್ಡ ಕಟ್ಟು, ಒಂಬತ್ತು ಸಣ್ಣ ಕಟ್ಟು, ಮೂರು ಎಲೆ. ಇನ್ನೂರ ತೊಂಬತ್ತಮೂರು. ಹತ್ತನೆಯದು ಎಲ್ಲೂ ಹೋಗಿರಲಿಲ್ಲ, ಬಿಡಿ ಎಲೆಯಾಗಿತ್ತು ಅಷ್ಟೆ.

ಮರುದಿನ ಮೇಷ್ಟ್ರಿಗೆ ಹೇಳಿದೆ. ಅವರು "ನಮಗ್ಯಾರೂ ಇದನ್ನ ಹೇಳ್ಕೊಡ್ಲಿಲ್ಲ ಕಣಮ್ಮ. ಹಿಂಗ್ ಮಾಡು ಅಂದ್ರು, ಮಾಡ್ತಾ ಬಂದ್ವಿ" ಎಂದು ನನ್ನನ್ನು ನಾಲ್ಕನೇ ತರಗತಿಗೆ ಕರೆದುಕೊಂಡು ಹೋದರು. ಗೆದ್ದೆನೆಂಬ ಖುಷಿಗಿಂತ ಅವರ ಮೇಲೆ ಮರುಕವೇ ಹೆಚ್ಚಾಯಿತು.

ಇಷ್ಟನ್ನೂ ಮಗಳಿಗೆ ಜಂಬದಿಂದ ಹೇಳಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ನನ್ನನ್ನೇ ನೋಡಿದಳು.

"ನಿಜವಾಗ್ಲೂ ನಡೀತಾ, ಇಲ್ಲ ನಂಗೋಸ್ಕರ ಹೇಳ್ತಿದೀಯಾ? ಮಾಡಿ ತೋರ್ಸು."

ಕೋಪ ಬರಬೇಕಿತ್ತು, ಸಂತೋಷವಾಯಿತು. ಪೊರಕೆಯ ಕಡ್ಡಿ ಮುರಿದು, ಹತ್ತತ್ತರ ಕಟ್ಟು ಕಟ್ಟಿ ಕೊಡತೊಡಗಿದೆ. ನಾನು ಕೊಟ್ಟ ಪ್ರತಿ ಕಟ್ಟನ್ನೂ ಅವಳು ಬಿಚ್ಚಿ, ಎಣಿಸಿ ನೋಡಿಯೇ ಪಕ್ಕಕ್ಕಿಟ್ಟಳು.